ಒಂದೇ ಹೆಸರಿನ ಪರವಾನಗಿ

ಆ ಮಂಗಳವಾರ ಬೆಳಗ್ಗೆ ಡಾಂಗಲ್‌ನ ಕೆಂಪು ದೀಪ ಹತ್ತಲಿಲ್ಲ.

ಡಾಂಗಲ್ ಅಂದರೆ ಪೆನ್‌ಡ್ರೈವಿನ ಹಾಗಿರುವ, ಹೆಬ್ಬೆರಳಷ್ಟು ಉದ್ದದ ಒಂದು ತುಂಡು. ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರಷ್ಟೇ ನಮ್ಮ ಡಿಸೈನ್ ಸಾಫ್ಟ್‌ವೇರ್ ತೆರೆಯುತ್ತಿತ್ತು. ಹಿಂದಿನ ಸಂಜೆ ಕರೆಂಟು ಎರಡು ಸಲ ಹೋಗಿ ಬಂದಿತ್ತು. ಕಾಕಾ ಅದನ್ನು ಹೊರಗೆಳೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದರು. ಪರವಾನಗಿ ಸಿಗಲಿಲ್ಲ ಎನ್ನುವ ಸಾಲು ಪರದೆಯ ಮೇಲೆ ಬಂತು. ನನ್ನ ಮೇಜಿನ ಕಂಪ್ಯೂಟರಿಗೂ ಹಾಕಿ ನೋಡಿದೆವು. ಅಲ್ಲೂ ಅದೇ ಸಾಲು.

ನಮ್ಮದು ಸೂರತ್‌ನ ಸೀರೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯಲ್ಲಿರುವ ಚಿಕ್ಕ ಸ್ಟುಡಿಯೋ. ಊರಾಚೆಯ ಸಚಿನ್ ಕೈಗಾರಿಕಾ ಪ್ರದೇಶದ ಮಿಲ್ಲುಗಳಿಗೆ ಸೀರೆಯ ಪ್ರಿಂಟ್ ಡಿಸೈನು ಮಾಡಿಕೊಡುವುದು ನಮ್ಮ ಕೆಲಸ. ಡಿಸೈನು ಮಾಡುವವರು ಇಬ್ಬರೇ, ಕಾಕಾ ಮತ್ತು ನಾನು. ಕಾಕಾ ನನ್ನ ಸಂಬಂಧಿಕರಲ್ಲ. ಸೂರತ್‌ನವರೇ, ಐವತ್ತೇಳು ವರ್ಷದ ಕಲಾವಿದರು. ಮಾರುಕಟ್ಟೆಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವರು ನನ್ನನ್ನು 'ದೀಕ್ರಿ' ಎನ್ನುತ್ತಿದ್ದರು, ಗುಜರಾತಿಯಲ್ಲಿ ಮಗಳು ಅಂತ. ನಾನು ರಬಕವಿಯ ನೇಕಾರರ ಮನೆಯವಳು. ನೇಯ್ದ ಸೀರೆ ನನಗೆ ಗೊತ್ತಿತ್ತು, ಅಚ್ಚಿನ ಸೀರೆಯನ್ನು ಕಲಿಸಿದವರು ಕಾಕಾ. ನಮ್ಮ ನಡುವಿನ ಮಾತೆಲ್ಲ ಹಿಂದಿ, ಗುಜರಾತಿ ಬೆರೆತದ್ದು. ಅದನ್ನೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೀರೆಯಲ್ಲಿ ಎಷ್ಟು ಬಣ್ಣ ಇರುತ್ತದೋ ಮಿಲ್ಲಿನಲ್ಲಿ ಅಷ್ಟು ಸ್ಕ್ರೀನು, ಅಂದರೆ ಬಣ್ಣ ಇಳಿಸುವ ಜಾಲರಿಯ ಅಚ್ಚು, ಬೇಕು. ಆರು ಬಣ್ಣವಾದರೆ ಆರು. ಕಾಗದದ ಮೇಲೆ ಬರೆದ ಚಿತ್ರವನ್ನು ಸ್ಕ್ಯಾನ್ ಮಾಡಿ, ಎಲೆಯ ಹಸಿರು ಒಂದು ಕಡೆ, ಹೂವಿನ ಕೆಂಪು ಒಂದು ಕಡೆ ಅಂತ ಕಂಪ್ಯೂಟರಿನಲ್ಲಿ ಬಣ್ಣ ಬಿಡಿಸಿ ಕೊಡಬೇಕು. ಬಿಡಿಸಿದ ಮೇಲೆ ಪಕ್ಕಪಕ್ಕದ ಎರಡು ಬಣ್ಣಗಳನ್ನು ಕೂದಲೆಳೆಯಷ್ಟು ಒಂದರ ಮೇಲೊಂದು ಹತ್ತಿಸಬೇಕು. ಹತ್ತಿಸದಿದ್ದರೆ ಬಟ್ಟೆ ಓಡುವಾಗ ಸ್ವಲ್ಪ ಅಲುಗಿದರೂ ನಡುವೆ ಬಿಳಿ ಗೆರೆ ಇಣುಕುತ್ತದೆ. ಜಾಸ್ತಿ ಹತ್ತಿಸಿದರೆ ಬಣ್ಣ ಕಲೆತು ಕೊಳೆಯಾಗಿ ಕಾಣುತ್ತದೆ. ಈ ಅಳತೆ ಬಟ್ಟೆಯಿಂದ ಬಟ್ಟೆಗೆ ಬೇರೆ. ಜಾರ್ಜೆಟ್‌ಗೆ ಒಂದು, ಕ್ರೇಪ್‌ಗೆ ಇನ್ನೊಂದು. ಕಾಕಾನ ಬಲವೇ ಇದು. ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ಅಳತೆ ಹೇಳುತ್ತಿದ್ದರು.

ಇಬ್ಬರಿಗೂ ಇದ್ದದ್ದು ಒಂದೇ ಡಾಂಗಲ್. ಬೆಳಗ್ಗೆಯಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಅವರ ಕಂಪ್ಯೂಟರಿನಲ್ಲಿ, ಊಟ ಆದಮೇಲೆ ನನ್ನದರಲ್ಲಿ. ಉಳಿದ ಹೊತ್ತು ಕಾಗದ, ಬಣ್ಣ, ಸ್ಕ್ಯಾನಿಂಗ್. ಹನ್ನೊಂದು ವರ್ಷದ ಹಿಂದೆ ಸ್ಟುಡಿಯೋದ ಯಜಮಾನರು, ನಾವು ಶೇಠ್ ಎಂದು ಕರೆಯುತ್ತಿದ್ದವರು, ಆ ಸಾಫ್ಟ್‌ವೇರನ್ನು ಸ್ಕೂಟರ್ ಮಾರಿ ಕೊಂಡಿದ್ದರಂತೆ. ಪರವಾನಗಿ ಪತ್ರವನ್ನು ಪ್ಲಾಸ್ಟಿಕ್ ಹಾಕಿಸಿ, ದೇವರ ಪಟದ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದರು.

ಕೆಳಗಿನ ಅಂಗಡಿಯ ರಿಪೇರಿಯವನು ಡಾಂಗಲ್ ಬಿಚ್ಚಿ, ಒಳಗಿನ ಕಾಲು ಬೆಸೆದು ಕೊಟ್ಟ. ಒಮ್ಮೆ ಮಿನುಗಿ ಸತ್ತಿತು. ಇನ್ನೊಬ್ಬನು ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇನೆಂದ. ಆ ಗಲ್ಲಿಯಲ್ಲಿ ಅರ್ಧ ಜನ ಅದನ್ನೇ ಬಳಸುತ್ತಿದ್ದರು. ಯಜಮಾನರು ಒಪ್ಪಲಿಲ್ಲ. "ದುಡ್ಡು ಕೊಟ್ಟು ತಗೊಂಡಿರೋದನ್ನ ನಾನ್ಯಾಕೆ ಕದೀಲಿ?" ಅಂದರು. ಆ ಮಾತಿಗಾಗಿ ಅವರ ಮೇಲೆ ಗೌರವ ಬಂತು. ಮುಂದೆ ಅವರ ಬಗ್ಗೆ ಕಹಿಯಾಗಿ ಬರೆಯಲಿದ್ದೇನೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು.

ಗುರುವಾರ ಬೆಳಗಿನ ರೈಲು ಹಿಡಿದು ಅಹಮದಾಬಾದಿಗೆ ಹೋದೆ. ಸಾಫ್ಟ್‌ವೇರ್ ಕಂಪನಿಯ ಕಚೇರಿ ಅಲ್ಲಿತ್ತು. ಕೆಟ್ಟ ಡಾಂಗಲ್, ಹಳೆಯ ಬಿಲ್ಲು, ಪ್ಲಾಸ್ಟಿಕ್ ಹಾಕಿಸಿದ ಪತ್ರ, ಮೂರೂ ಚೀಲದಲ್ಲಿದ್ದವು. ಎದುರು ಕೂತ ಪ್ರತಿನಿಧಿಗೆ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಇರಬಹುದು. ನಯವಾದ ಹಿಂದಿಯಲ್ಲಿ ಹೇಳಿದ: ಈ ಆವೃತ್ತಿ ನಿಂತಿದೆ, ಡಾಂಗಲ್ ಮಾಡುವುದನ್ನು ಬಿಟ್ಟಿದ್ದೇವೆ, ಈಗ ಎಲ್ಲ ಚಂದಾ, ತಿಂಗಳು ತಿಂಗಳು ಕಟ್ಟಬೇಕು.

"ನಾವು ಇದನ್ನ ಕೊಂಡಿದ್ದೀವಿ," ಅಂದೆ.

"ಆ ಕಾಲದಲ್ಲಿ ಕೊಳ್ಳಬಹುದಿತ್ತು ಮೇಡಂ."

ಅಷ್ಟರಲ್ಲಿ ಊರಿನಿಂದ ಫೋನ್ ಬಂತು. "ಆಮ್ಯಾಲ ಮಾಡ್ತೀನವ್ವಾ, ಆಫೀಸ್‌ನ್ಯಾಗ ಅದೀನಿ," ಅಂತ ಹೇಳಿ ಇಟ್ಟೆ. ಹುಡುಗ ತಲೆ ಎತ್ತಿ ನೋಡಿದ.

"ಯಾವೂರ್ರೀ ನಿಮ್ದು?"

"ರಬಕವಿ."

"ನಂದು ಹುಬ್ಬಳ್ಳಿರಿ." ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರ್ ಕಡೆ ಒಮ್ಮೆ ನೋಡಿ, ಕಂಪ್ಯೂಟರಿನಲ್ಲಿ ಏನೋ ಹುಡುಕುವವನ ಹಾಗೆ ಕೂತು ಮಾತಾಡಿದ. "ಅಕ್ಕಾರ, ಡಾಂಗಲ್ ಮಾಡೂದು ಬಿಟ್ಟೀವಿ ಅಂದ್ನೆಲ್ರಿ, ಅದು ಖರೇನ. ಆದ್ರ ಮಾಡಿಟ್ಟಿದ್ದು ಒಳಗ ಕಪಾಟಿನ್ಯಾಗ ಡಬ್ಬಿಗಟ್ಲೆ ಬಿದ್ದಾವ. ಯಾರಿಗೂ ಕೊಡಬ್ಯಾಡ ಅಂತ ಮ್ಯಾಲಿಂದ ಹೇಳ್ಯಾರ."

"ಯಾಕ?"

"ಕೊಟ್ರ ನೀವು ಮತ್ತ ಹತ್ತು ವರ್ಷ ಈ ಕಡೆ ಹಾಯಂಗಿಲ್ಲಲ್ರಿ."

ಪತ್ರವನ್ನು ಅವನ ಮುಂದೆ ತಳ್ಳಿದೆ. "ಇಲ್ಲಿ ನೋಡ್ರಿ, ಶಾಶ್ವತ ಅಂತ ಬರದೈತಿ."

"ಪರವಾನಗಿ ಶಾಶ್ವತಾನ ಐತ್ರಿ. ಡಾಂಗಲ್ಲಿಗೆ ಗ್ಯಾರಂಟಿ ಒಂದ ವರ್ಷ. ಹಿಂದಿನ ಪುಟದಾಗ ಐತಿ ನೋಡ್ರಿ, ಸಣ್ಣ ಅಕ್ಷರದಾಗ."

ತಿರುಗಿಸಿ ನೋಡಿದೆ. ಇತ್ತು. ಹನ್ನೊಂದು ವರ್ಷ ದೇವರ ಪಟದ ಕೆಳಗೆ ಇಟ್ಟ ಕಾಗದದ ಹಿಂಭಾಗವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ಹೊಸ ಆವೃತ್ತಿಯ ಹದಿನೈದು ದಿನದ ಉಚಿತ ಪ್ರಯೋಗಕ್ಕೆ ಹೆಸರು ಹಾಕಿಕೊಟ್ಟ. ವಾಪಸು ಬಂದು ಪ್ರಯತ್ನಿಸಿದೆವು. ಹಳೆಯ ಕಡತಗಳು ತೆರೆದವು, ಆದರೆ ಹೊರಗೆ ತೆಗೆದ ಪ್ರತಿಯೊಂದು ಸ್ಕ್ರೀನಿನ ಮೇಲೂ ಮೂಲೆಯಿಂದ ಮೂಲೆಗೆ ಕಂಪನಿಯ ಹೆಸರು ಅಡ್ಡಡ್ಡ ಬಿದ್ದಿರುತ್ತಿತ್ತು. ಕಂಪನಿಯ ಹೆಸರಿನ ಸೀರೆಯನ್ನು ಯಾರು ಉಡುತ್ತಾರೆ? ಒಂದು ತಿಂಗಳಿಗೆ ಮಾತ್ರ ತಗೊಳ್ಳೋಣ, ಇರುವ ಡಿಸೈನನ್ನೆಲ್ಲ ಹೊರಗೆ ತೆಗೆದುಕೊಂಡು ಬಿಟ್ಟುಬಿಡೋಣ ಅಂದುಕೊಂಡೆವು. ಒಂದು ತಿಂಗಳಿಗೆ ಕೊಡುವುದಿಲ್ಲವಂತೆ. ಕಟ್ಟುವುದು ತಿಂಗಳಿಗೊಮ್ಮೆ, ಒಪ್ಪಂದ ಮಾತ್ರ ವರ್ಷದ್ದು. ನಡುವೆ ಬಿಟ್ಟರೆ ದಂಡ. ಇನ್ನೊಂದು ನಿಯಮ: ಒಂದು ಪರವಾನಗಿಗೆ ಒಬ್ಬರ ಹೆಸರು. ಆ ಹೆಸರಿನವರು ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಯಜಮಾನರು ಒಂದೇ ತಗೊಂಡರು. ನಾವು ಮೂವರೂ ನನ್ನ ಮೇಜಿನ ಸುತ್ತ ನಿಂತಿದ್ದೆವು. ಪರದೆಯ ಮೇಲೆ ಹೆಸರು ತುಂಬುವ ಜಾಗ ಖಾಲಿ ಇತ್ತು.

"ಅವಳ ಹೆಸರು ಹಾಕಿ ಶೇಠ್," ಕಾಕಾ ಅಂದರು. "ನನಗೆ ಈಮೇಲ್ ನೋಡೋಕೂ ಸರಿಯಾಗಿ ಬರಲ್ಲ. ಇಬ್ಬರೂ ಇಲ್ಲೇ ಇರ್ತೀವಲ್ಲ, ಹೆಸರು ಯಾರದ್ದಾದರೇನು?"

ನನ್ನ ಹೆಸರು ಟೈಪ್ ಮಾಡಿದೆ. ಮಾಡುವಾಗ ಒಳಗೊಳಗೇ ಖುಷಿಯಾಯಿತು. ಆ ಖುಷಿ ಈಗ ನೆನಪಾದರೆ ನಾಚಿಕೆಯಾಗುತ್ತದೆ, ಆದರೆ ಅದು ಇದ್ದದ್ದು ನಿಜ.

ಮೊದಲ ಪೆಟ್ಟು ಮೂರನೇ ವಾರಕ್ಕೆ ಬಿತ್ತು. ಸಚಿನ್ ಮಿಲ್ಲಿನ ಪ್ರಿಂಟಿಂಗ್ ಮಾಸ್ಟರ್ ಫೋನ್ ಮಾಡಿ ಕೂಗಾಡಿದರು. "ಏನು ಕಳಿಸಿದ್ದೀರಿ? ಎಲೆಗೂ ಗೆರೆಗೂ ನಡುವೆ ಬಿಳಿ ಕಾಣ್ತಿದೆ. ನೂರು ಮೀಟರ್ ಹಾಳಾಯ್ತು." ಮಿಲ್ಲಿಗೆ ಓಡಿದೆವು. ಇನ್ನೂ ಬೆಚ್ಚಗಿದ್ದ ಬಟ್ಟೆಯನ್ನು ಮಾಸ್ಟರ್ ಮೇಜಿನ ಮೇಲೆ ಹರಡಿದರು. ಪ್ರತಿ ಎಲೆಯ ಸುತ್ತಲೂ ಸೂಜಿಯಲ್ಲಿ ಗೀರಿದ ಹಾಗೆ ಬಿಳಿ ಗೆರೆ. ಕಾಕಾ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಸ್ಟುಡಿಯೋಗೆ ಬಂದು ಕಡತ ತೆರೆದಾಗ ಗೊತ್ತಾಯಿತು. ಹೊಸ ಆವೃತ್ತಿ ಹಳೆಯ ಕಡತದಲ್ಲಿದ್ದ ಹತ್ತಿಸುವ ಅಳತೆಗಳನ್ನು ಓದುತ್ತಿರಲಿಲ್ಲ. ಅವನ್ನು ಕಿತ್ತುಹಾಕಿ, ಎಲ್ಲ ಬಟ್ಟೆಗೂ ಎಲ್ಲ ಬಣ್ಣಕ್ಕೂ ತನ್ನದೇ ಒಂದೇ ಅಳತೆ ಹಾಕುತ್ತಿತ್ತು. ಅದನ್ನು ಎಲ್ಲೂ ಹೇಳುತ್ತಲೂ ಇರಲಿಲ್ಲ. ಕಂಪನಿಗೆ ಬರೆದೆ. ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಎಂಬ ಉತ್ತರ ಬಂತು.

ಅಂದರೆ ಹನ್ನೊಂದು ವರ್ಷದ ಡಿಸೈನುಗಳಲ್ಲಿ ಯಾವುದಕ್ಕೆ ಮತ್ತೆ ಆರ್ಡರ್ ಬಂದರೂ, ಬಣ್ಣ ಬಣ್ಣಕ್ಕೂ ಕೈಯಿಂದಲೇ ಅಳತೆ ಕೂಡಿಸಬೇಕಿತ್ತು. ಸರಿಯಾದ ಅಳತೆ ಇದ್ದದ್ದು ಎರಡೇ ಕಡೆ: ಕಾಕಾನ ತಲೆಯಲ್ಲಿ ಮತ್ತು ಅವರ ಒಂದು ನೋಟ್‌ಬುಕ್ಕಿನಲ್ಲಿ. ಗುಜರಾತಿ ಅಂಕಿಗಳಲ್ಲಿ, ಡಿಸೈನಿನ ನಂಬರು, ಬಟ್ಟೆಯ ಹೆಸರು, ಬಣ್ಣದ ಜೋಡಿ, ಅಳತೆ ಅಂತ ಒತ್ತೊತ್ತಾಗಿ ಬರೆದಿದ್ದರು.

ಆಗ ನಾನು ಒಂದು ಯೋಚನೆ ಮಾಡಿದೆ. ವರ್ಷದ ಒಪ್ಪಂದ ಹೇಗೂ ಆಗಿದೆ. ಈ ವರ್ಷದೊಳಗೆ ಹಳೆಯ ಡಿಸೈನುಗಳನ್ನೆಲ್ಲ ಸರಿಮಾಡಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆ ಕಪ್ಪು ಬಿಳುಪು ಚಿತ್ರವಾಗಿ ಹೊರಗೆ ತೆಗೆದಿಟ್ಟರೆ, ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯಬಹುದು. ಮುಂದಿನ ವರ್ಷ ಚಂದಾ ಬಿಟ್ಟುಬಿಡಬಹುದು. ಯಾರ ಹಂಗೂ ಬೇಡ. ಆದರೆ ಮಿಲ್ಲಿನ ಹೊಸ ಕೆಲಸದ ಜೊತೆಗೆ ಇದನ್ನು ನಾನೊಬ್ಬಳೇ ಮುಗಿಸಲು ಸಾಧ್ಯವಿರಲಿಲ್ಲ.

ಬಣ್ಣಗಳ ಮಾದರಿ ತೋರಿಸುವ ಒಂದು ಶೇಡ್ ಕಾರ್ಡಿನ ಹಿಂದೆ ನನ್ನ ಪಾಸ್‌ವರ್ಡ್ ಬರೆದು ಕಾಕಾಗೆ ಕೊಟ್ಟೆ.

"ಇದು ಸರೀನಾ ದೀಕ್ರಿ?" ಅಂತ ಕೇಳಿದರು.

"ಡಾಂಗಲ್ ಇದ್ದಾಗ ನೀವು ಬೆಳಗ್ಗೆ, ನಾನು ಮಧ್ಯಾಹ್ನ ಮಾಡ್ತಿರಲಿಲ್ವಾ? ಅದೇ ಇದು. ಒಂದು ಸಲಕ್ಕೆ ಒಬ್ಬರೇ ತಾನೆ."

"ಶೇಠ್‌ಗೆ ಒಂದು ಮಾತು ಹೇಳೋಣ."

"ಮುಗಿದ ಮೇಲೆ ಹೇಳೋಣ ಕಾಕಾ. ಖುಷಿಪಡ್ತಾರೆ."

ನಾಲ್ಕು ತಿಂಗಳು ಹಾಗೇ ನಡೆಯಿತು. ಒಟ್ಟು ಒಂಬೈನೂರರಷ್ಟು ಡಿಸೈನು ಇದ್ದವು. ಯಾವುದು ಮತ್ತೆ ಓಡುತ್ತದೆ, ಯಾವುದು ಸತ್ತಿದೆ ಅಂತ ಕಾಕಾ ಆರಿಸಿ ನಾನೂರು ಉಳಿಸಿದರು. ಬೆಳಗ್ಗೆ ಅವರು ಎರಡು ಸರಿಮಾಡುತ್ತಿದ್ದರು, ಮಧ್ಯಾಹ್ನ ಮಿಲ್ಲಿನ ಕೆಲಸದ ನಡುವೆ ನಾನು ಒಂದು. ಹೊರಗೆ ತೆಗೆದ ಪ್ರತಿ ಸ್ಕ್ರೀನನ್ನೂ ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆದು, ಒಂದರ ಮೇಲೊಂದು ಇಟ್ಟು, ಕಿಟಕಿಯ ಗಾಜಿಗೆ ಹಿಡಿದು ನೋಡುತ್ತಿದ್ದೆವು. ಬೆಳಕು ಎಲ್ಲಾದರೂ ಸೋರಿದರೆ ಮತ್ತೆ ಮೊದಲಿನಿಂದ. ಈ ಕೆಲಸದಲ್ಲಿ ಸುಖವಿತ್ತು. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ತಾವು ಕುಂಚದಲ್ಲಿ ಬರೆದ ಒಂದು ಹೂವು ಬಂದರೆ ಕಾಕಾ, "ಇದನ್ನ ಬರೆದಾಗ ನನ್ನ ಕೈ ಎಷ್ಟು ಚೆನ್ನಾಗಿತ್ತು ನೋಡು," ಅನ್ನುತ್ತಿದ್ದರು.

ದೀಪಾವಳಿಗೆ ಐದು ವಾರ ಇದ್ದಾಗ ಮಿಲ್ಲಿನಿಂದ ಒಟ್ಟಿಗೆ ಹದಿನಾಲ್ಕು ಡಿಸೈನಿನ ಆರ್ಡರ್ ಬಂತು. ಸೋಮವಾರ ಬೆಳಗ್ಗೆ ಕಾಕಾ ಆಗಲೇ ಕೆಲಸ ಶುರುಮಾಡಿದ್ದರು. ಮಾಸ್ಟರ್ ಫೋನಿನಲ್ಲಿ ಕಾಯುತ್ತಿದ್ದರು, ಒಂದು ಬಣ್ಣ ಬದಲಿಸಬೇಕಿತ್ತು, ಐದು ನಿಮಿಷದ ಕೆಲಸ. ನಾನೂ ನನ್ನ ಮೇಜಿನಿಂದ ಅದೇ ಪಾಸ್‌ವರ್ಡ್ ಹಾಕಿ ಸಾಫ್ಟ್‌ವೇರಿನ ಒಳಗೆ ಹೋದೆ. ಕಾಕಾನ ಪರದೆ ಆರಿತು. ಗೊತ್ತಾಗದೆ ಅವರು ಮತ್ತೆ ಒಳಗೆ ಬಂದರು, ನನ್ನದು ಆರಿತು. ನಾನು ಮತ್ತೆ ಬಂದೆ. ಹೀಗೆ ನಾಲ್ಕೈದು ಸಲ ಆಗಿರಬೇಕು. ಆಮೇಲೆ ಇಬ್ಬರ ಪರದೆಯೂ ಆರಿತು. ಅನುಮಾನಾಸ್ಪದ ಬಳಕೆಯ ಕಾರಣ ಖಾತೆಯನ್ನು ತಡೆಹಿಡಿಯಲಾಗಿದೆ ಎಂಬ ಮೇಲ್, ಹಣ ಕಟ್ಟುವವರಾದ ಯಜಮಾನರಿಗೆ ಹೋಯಿತು.

ಎರಡು ದಿನ ಏನೂ ತೆರೆಯಲಿಲ್ಲ. ಬುಧವಾರ ಬೆಳಗ್ಗೆ ಮಿಲ್ಲಿನವರು ಹದಿನಾಲ್ಕರಲ್ಲಿ ಎಂಟನ್ನು ಬೇರೆ ಸ್ಟುಡಿಯೋಗೆ ಕೊಟ್ಟರು. ಯಜಮಾನರು ಇಬ್ಬರನ್ನೂ ಒಳಗೆ ಕರೆದರು. ಪ್ರಿಂಟ್ ತೆಗೆದ ಮೇಲ್ ಅವರ ಕೈಯಲ್ಲಿತ್ತು.

"ಎರಡು ಕಂಪ್ಯೂಟರಿಂದ ಅಂತ ಬರೆದಿದ್ದಾರೆ. ನಾಲ್ಕು ತಿಂಗಳಿಂದ ನಡೀತಿದೆಯಂತೆ. ಯಾರು ಮಾಡಿದ್ದು?"

ನಾನು ಬಾಯಿ ತೆರೆಯಬೇಕಿತ್ತು. ವಾಕ್ಯ ತಯಾರಾಗಿತ್ತು, ನಾನೇ ಕೊಟ್ಟೆ ಶೇಠ್, ಅಷ್ಟೇ. ಆದರೆ ಅವರ ಮುಖ ನೋಡಿ, ಮೊದಲು ಅವರ ಸಿಟ್ಟು ಇಳಿಯಲಿ ಅಂತ ಒಂದು ಉಸಿರು ತಡೆದೆ. ಆ ಉಸಿರಿನಲ್ಲಿ ಕಾಕಾ ಮಾತಾಡಿಬಿಟ್ಟರು.

"ನಾನು ಶೇಠ್. ಅವಳು ಟೈಪ್ ಮಾಡುವಾಗ ನೋಡಿ ಬರ್ಕೊಂಡಿದ್ದೆ."

ಅವರು ನನ್ನ ಕಡೆ ನೋಡಲಿಲ್ಲ. ನಾನು ಮಾತಾಡಲಿಲ್ಲ.

"ಮೊದಲು ಖಾತೆ ಬಿಡಿಸಿಕೊಳ್ಳಿ," ಯಜಮಾನರು ನನಗೆ ಹೇಳಿದರು. "ಆಮೇಲೆ ಮಾತಾಡೋಣ."

ಕಂಪನಿ ಕಳಿಸಿದ ಅರ್ಜಿ ತೆರೆದೆ. ಎರಡು ಆಯ್ಕೆ ಇದ್ದವು. ಒಂದು, ಪಾಸ್‌ವರ್ಡನ್ನು ನಾನೇ ಇನ್ನೊಬ್ಬರಿಗೆ ಕೊಟ್ಟಿದ್ದೇನೆ. ಎರಡು, ನನಗೆ ತಿಳಿಯದೆ ಇನ್ನೊಬ್ಬರು ಬಳಸಿದ್ದಾರೆ. ಕಾರಿಡಾರಿಗೆ ಹೋಗಿ ಅಹಮದಾಬಾದಿನ ಹುಬ್ಬಳ್ಳಿಯ ಹುಡುಗನಿಗೆ ಫೋನ್ ಮಾಡಿದೆ.

"ಎರಡನೇದು ಒತ್ರಿ ಅಕ್ಕಾರ," ಅಂದ. "ಮೊದಲನೇದು ಒತ್ತಿದ್ರ ಅಕೌಂಟ್ ಕಾಯಂ ಬಂದ್ ಆಗತೈತಿ. ನಿಯಮದಾಗ ಹಂಗ ಬರದೈತಿ."

"ಖರೇನ ಬಂದ್ ಮಾಡ್ತಾರೇನು?"

"ಬರದಿದ್ದು ಹಂಗ ಐತ್ರಿ. ಯಾಕ ಸುಮ್ನ?"

ಒಳಗೆ ಬಂದು ಎರಡನೆಯದನ್ನು ಒತ್ತಿದೆ. ಯಜಮಾನರು ಬೆನ್ನ ಹಿಂದೆ ನಿಂತಿದ್ದರು. ಕೆಳಗೆ ಇನ್ನೊಂದು ಜಾಗ ತೆರೆಯಿತು: ಬಳಸಿದ ವ್ಯಕ್ತಿಯ ಪೂರ್ಣ ಹೆಸರು. ಕಾಕಾನ ಪೂರ್ಣ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಪಕ್ಕದಲ್ಲಿ ಕೂತಿದ್ದೆ. ನನ್ನ ಬೆರಳು ನಿಂತದ್ದನ್ನು ನೋಡಿ ಕಾಕಾ ಬಾಗಿಲ ಬಳಿಯಿಂದಲೇ ಒಂದೊಂದು ಅಕ್ಷರವಾಗಿ ಹೇಳಿದರು. ನಾನು ಟೈಪ್ ಮಾಡಿದೆ. ಕೊನೆಯ ಜಾಗ: ತೆಗೆದುಕೊಂಡ ಕ್ರಮ. ಕೆಲಸದಿಂದ ತೆಗೆಯಲಾಗಿದೆ ಅಂತ ಬರೆಯಿರಿ ಎಂದರು ಯಜಮಾನರು. ಅದನ್ನೂ ಬರೆದೆ.

ಮುಕ್ಕಾಲು ಗಂಟೆಯಲ್ಲಿ ಖಾತೆ ತೆರೆಯಿತು.

ಆ ಕ್ರಮ ಬರೀ ಅರ್ಜಿಗೆ ಅಂತ ನಾನು ನನಗೇ ಹೇಳಿಕೊಂಡಿದ್ದೆ. ಅಲ್ಲ. ತಿಂಗಳ ಕೊನೆಗೆ ಕಾಕಾ ತಮ್ಮ ಕುಂಚಗಳ ಡಬ್ಬಿ, ಒಂದು ಸ್ಕೇಲು, ಕನ್ನಡಕದ ಕೇಸು ಚೀಲಕ್ಕೆ ಹಾಕಿಕೊಂಡರು. ಮಗಳು ಅಳಿಯ ವಡೋದರಾದಲ್ಲಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಅಂದರು. ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇನ್ನೂ ನೂರಿಪ್ಪತ್ತು ಉಳಿದಿವೆ. ಕ್ರೇಪ್‌ದು ಕೊನೆಯ ಪುಟಗಳಲ್ಲಿದೆ."

"ಕಾಕಾ, ನಾನು ಶೇಠ್ ಹತ್ತಿರ ಹೇಳ್ತೀನಿ..."

"ಈಗ ಹೇಳಿದ್ರೆ ಇಬ್ಬರೂ ಹೋಗ್ತೀವಿ ಬೇನ್," ಅಂದರು. ಬೇನ್ ಅಂದರೆ ಅಕ್ಕ. ಮಾರುಕಟ್ಟೆಯಲ್ಲಿ ಯಾವ ಗಿರಾಕಿಯನ್ನಾದರೂ ಹಾಗೇ ಕರೆಯುತ್ತಾರೆ.

ಆ ನೂರಿಪ್ಪತ್ತನ್ನು ನಾನೊಬ್ಬಳೇ ಮುಗಿಸಿದೆ. ಭಾನುವಾರವೂ ಹೋಗುತ್ತಿದ್ದೆ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಸ್ಟುಡಿಯೋ ಬಿಡುಗಡೆಯಾಗಬೇಕು ಅನ್ನುತ್ತಿದ್ದೆ. ಇದಾದರೂ ಪೂರ್ತಿಯಾದರೆ ಅವರು ಹೋದದ್ದಕ್ಕೆ ಒಂದು ಅರ್ಥ ಬರುತ್ತದೆ ಎಂಬ ಲೆಕ್ಕ ಒಳಗಿತ್ತು. ಗುಜರಾತಿ ಅಂಕಿಗಳು ಬೇಗ ಅಭ್ಯಾಸವಾದವು. ಕೆಲವು ಕಡೆ ಅಳತೆಯ ಪಕ್ಕದಲ್ಲಿ ಪ್ರಶ್ನೆಯ ಗುರುತಿತ್ತು. ಅಂಥಲ್ಲೆಲ್ಲ ಬಟ್ಟೆಯನ್ನು ಬೆರಳಿನ ನಡುವೆ ಉಜ್ಜಿ ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಹಾಕಿದೆ.

ಒಪ್ಪಂದ ಮುಗಿಯಲು ಎರಡು ವಾರ ಇದ್ದಾಗ ನಾನೂರು ಡಿಸೈನು ಒಂದು ಹಾರ್ಡ್‌ಡಿಸ್ಕಿನಲ್ಲಿ ಸೇರಿದ್ದವು. ಅದನ್ನು ಯಜಮಾನರ ಮೇಜಿನ ಮೇಲೆ ಇಟ್ಟು ಎಲ್ಲ ವಿವರಿಸಿದೆ. ಇನ್ನು ಚಂದಾ ಬೇಡ, ಎಲ್ಲ ನಮ್ಮ ಕೈಯಲ್ಲಿದೆ ಅಂದೆ.

ಅವರು ಹಾರ್ಡ್‌ಡಿಸ್ಕನ್ನು ಎತ್ತಿ ತೂಕ ನೋಡುವವರ ಹಾಗೆ ಹಿಡಿದರು. "ಒಳ್ಳೆ ಕೆಲಸ ಮಾಡಿದ್ದೀರಿ ಬೇನ್. ಇರಲಿ, ಇಡೋಣ. ಆದರೆ ಮಿಲ್ಲಿನವರು ಈಗ ಹೊಸ ಸಾಫ್ಟ್‌ವೇರಿನ ಕಡತವನ್ನೇ ನೇರವಾಗಿ ಕೇಳ್ತಿದ್ದಾರೆ. ಬಿಡೋಕಾಗಲ್ಲ." ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. "ರೇಟು ಏರಿಸಿದ್ದಾರೆ. ಆದರೆ ಎರಡು ತಗೊಂಡ್ರೆ ರಿಯಾಯಿತಿ ಇದೆ. ಎರಡಕ್ಕೆ ಹೇಳಿದ್ದೀನಿ."

"ಎರಡಾ?"

"ಹೊಸ ಡಿಸೈನರ್ ಒಬ್ಬಳು ಬರ್ತಾಳೆ. ಕಾಲೇಜಿನಲ್ಲೇ ಇದನ್ನ ಕಲಿತಿದ್ದಾಳೆ."

"ಎರಡು ತಗೊಳ್ಳೋದಾದ್ರೆ ಕಾಕಾನ್ನ ಕರೀಬಹುದಲ್ಲ ಶೇಠ್." ಮಾತು ತಾನಾಗಿಯೇ ಬಂತು, ಬಂದ ಮೇಲೆ ನಿಲ್ಲಿಸಲಿಲ್ಲ. "ಪಾಸ್‌ವರ್ಡ್ ಅವರು ಕದ್ದಿರಲಿಲ್ಲ. ನಾನೇ ಕೊಟ್ಟಿದ್ದೆ."

ಅವರಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತು. ಅವರ ಮೇಜಿನ ಮೇಲೆ ಶೇಡ್ ಕಾರ್ಡ್ ಇತ್ತು. ನಿಮ್ಮ ಕೈಬರಹ ನನಗೆ ಗೊತ್ತಿಲ್ವಾ?"

"ಯಾವಾಗ ನೋಡಿದ್ರಿ?"

"ಮೇಲ್ ಬಂದ ದಿನಾನೇ." ಕಾಗದವನ್ನು ಮಡಿಸಿದರು. "ಒಂದು ಪರವಾನಗಿಗೆ ಇಬ್ಬರು ಹೆಚ್ಚಾಗಿದ್ದರು. ಕೆಲಸ ಬಿಡಿ ಅಂತ ಯಾರಿಗೆ ಹೇಳೋದು ಅಂತ ನಾನು ಮೂರು ತಿಂಗಳಿಂದ ಯೋಚಿಸ್ತಿದ್ದೆ. ಅವರೇ ಮುಂದೆ ಬಂದ್ರು. ನೀವು ಸುಮ್ಮನಿದ್ರಿ. ನಾನೂ ಸುಮ್ಮನಿದ್ದೆ."

ಮುಂದಿನ ಭಾನುವಾರ ವಡೋದರಾಕ್ಕೆ ಹೋದೆ. ಕಾಕಾ ಭಾನುವಾರವೂ ಕೆಲಸಕ್ಕೆ ಹೋಗುತ್ತಾರೆಂದು ಅವರ ಮಗಳು ವಿಳಾಸ ಕೊಟ್ಟಳು. ಮಕರಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು. ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಿಗೆ ಅಂಟಿಸುವ ಫಲಕಗಳನ್ನು ಅಲ್ಲಿ ಕೈಯಿಂದ ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದರು. ಕಾಕಾ ಮೇಜಿನ ಮೇಲೆ ಬಾಗಿ, ಚೂಪಾದ ಚಾಕುವಿನಿಂದ ಅಚ್ಚು ತಯಾರಿಸುವ ಕೆಂಪು ಫಿಲ್ಮ್ ಕತ್ತರಿಸುತ್ತಿದ್ದರು. ಬಾಣದ ಗುರುತು, ಅಪಾಯದ ಗುರುತು. ನನ್ನನ್ನು ನೋಡಿ ಚಾಕು ಕೆಳಗಿಟ್ಟು, ಸ್ಟೂಲು ಸರಿಸಿ, ಚಹಾ ತರಿಸಿದರು. ಉಳಿದ ನೂರಿಪ್ಪತ್ತು ಮುಗಿಯಿತಾ ಅಂತ ಕೇಳಿದರು. ಮುಗಿಯಿತು ಅಂದೆ.

"ಕಾಕಾ, ನಾನು ಶೇಠ್‌ಗೆ ಹೇಳಿದೆ. ಪಾಸ್‌ವರ್ಡ್ ವಿಷಯ."

"ಹೌದಾ."

"ಅವರಿಗೆ ಮೊದಲೇ ಗೊತ್ತಿತ್ತಂತೆ."

"ಗೊತ್ತಿರದೆ ಏನು. ಇಪ್ಪತ್ತೊಂಬತ್ತು ವರ್ಷ ಅವರ ಹತ್ತಿರ ಕೆಲಸ ಮಾಡಿದ್ದೀನಿ."

ಇಬ್ಬರೂ ಚಹಾ ಕುಡಿದೆವು. ಇಲ್ಲಿ ಡಿಸೈನಿನ ಕೆಲಸ ಹುಡುಕಲಿಲ್ಲವಾ ಅಂತ ಕೇಳಿದೆ. ಕೇಳಬಾರದಿತ್ತು.

"ಸಿಕ್ಕಿತ್ತು ಬೇನ್. ಇಲ್ಲೇ ಒಂದು ಪ್ಯಾಕಿಂಗ್ ಡಿಸೈನ್ ಆಫೀಸು. ಒಳ್ಳೆಯವರು. ಅವರ ಹತ್ತಿರವೂ ಅದೇ ಸಾಫ್ಟ್‌ವೇರ್. ನನ್ನ ಹೆಸರಲ್ಲಿ ಒಂದು ಪರವಾನಗಿ ಕೇಳಿದ್ರು. ಅಹಮದಾಬಾದಿಂದ ಫೋನ್ ಬಂತಂತೆ, ಇವರು ಹಿಂದಿನ ಕಡೆ ಪಾಸ್‌ವರ್ಡ್ ಕದ್ದು ಕೆಲಸ ಕಳಕೊಂಡವರು, ಗೊತ್ತಿದೆಯಾ ಅಂತ." ಅವರು ಲೋಟವನ್ನು ಮೇಜಿನ ಕೆಳಗೆ ಇಟ್ಟರು, ಫಿಲ್ಮಿನ ಮೇಲೆ ಚೆಲ್ಲದ ಹಾಗೆ. "ಆ ಯಜಮಾನ ಮುಖ ನೋಡಿ ಹೇಳೋಕಾಗದೆ ಫೋನಲ್ಲಿ ಹೇಳಿದ. ಪಾಪ."

ನಾನು ಅತ್ತುಬಿಟ್ಟೆ. ಅವರು ನನ್ನ ಅಳು ನಿಲ್ಲುವವರೆಗೆ ಕಾದು, ಚಾಕು ಎತ್ತಿಕೊಂಡು ಕೆಲಸ ಮುಂದುವರಿಸಿದರು.

ಸೂರತ್‌ಗೆ ಮರಳುವ ರೈಲಿನಲ್ಲೇ ಕಂಪನಿಗೆ ಬರೆದೆ. ಅರ್ಜಿಯಲ್ಲಿ ಸುಳ್ಳು ಹೇಳಿದ್ದೇನೆ, ಪಾಸ್‌ವರ್ಡ್ ಕೊಟ್ಟವಳು ನಾನು, ಆ ವ್ಯಕ್ತಿಯ ತಪ್ಪು ಏನೂ ಇಲ್ಲ, ಅವರ ಹೆಸರನ್ನು ತೆಗೆಯಿರಿ, ನನ್ನ ಖಾತೆಯನ್ನು ಏನು ಬೇಕಾದರೂ ಮಾಡಿ. ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಬರೆದೆ. ಯಜಮಾನರಿಗೂ ಒಂದು ಪ್ರತಿ ಕಳಿಸಿದೆ. ರಬಕವಿಗೆ ವಾಪಸು ಹೋದರೆ ಏನು ಮಾಡುವುದು ಅಂತ ಅಂಕಲೇಶ್ವರ ದಾಟುವ ಹೊತ್ತಿಗೆ ಯೋಚಿಸಲು ಶುರುಮಾಡಿದ್ದೆ. ಹೆದರಿಕೆಯ ಜೊತೆಗೆ ಎದೆ ಹಗುರವೂ ಆಗಿತ್ತು.

ಆರನೇ ದಿನ ಉತ್ತರ ಬಂತು. ಬರೆದವರು ಸಭ್ಯವಾಗಿ ಬರೆದಿದ್ದರು. ನನ್ನ ಪ್ರಾಮಾಣಿಕತೆಗೆ ವಂದನೆ ಹೇಳಿದ್ದರು. ಹೇಳಿದಂತೆ ಆ ಹೆಸರನ್ನು ದಾಖಲೆಯಿಂದ ತೆಗೆದಿದ್ದರು. ಪಾಸ್‌ವರ್ಡ್ ಹಂಚಿಕೊಂಡರೆ ಖಾತೆ ರದ್ದಾಗುತ್ತದೆಂದು ನಿಯಮದಲ್ಲಿದ್ದರೂ, ಮೊದಲ ಸಲ ಯಾರ ಖಾತೆಯನ್ನೂ ರದ್ದುಮಾಡುವುದಿಲ್ಲ. ಒಂದು ಎಚ್ಚರಿಕೆ ಕೊಟ್ಟು, ಎರಡನೇ ಪರವಾನಗಿ ಕೊಳ್ಳಲು ಸೂಚಿಸುತ್ತೇವೆ, ಅಷ್ಟೇ. ನಿಮ್ಮ ಸ್ಟುಡಿಯೋ ಈಗಾಗಲೇ ಎರಡು ಕೊಂಡಿರುವುದರಿಂ​ದ ಯಾವ ಕ್ರಮದ ಅಗತ್ಯವೂ ಇಲ್ಲ.

ಅದನ್ನು ಮೂರು ಸಲ ಓದಿದೆ. ಅಂದು ಅರ್ಜಿಯಲ್ಲಿ ಮೊದಲ ಆಯ್ಕೆಯನ್ನು ಒತ್ತಿದ್ದರೆ ಆಗುತ್ತಿದ್ದದ್ದು ಇಷ್ಟೇ.

ಯಜಮಾನರು ಮೇಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸ ಡಿಸೈನರ್ ಆಗಲೇ ಕಾಕಾನ ಮೇಜಿಗೆ ಬಂದಿದ್ದಳು. ಚುರುಕಿನ ಹುಡುಗಿ, ನನಗಿಂತ ವೇಗ. ಕಾರಿಡಾರಿಗೆ ಹೋಗಿ ಕಾಕಾಗೆ ಫೋನ್ ಮಾಡಿದೆ. ಹೆಸರು ತೆಗೆದಿದ್ದಾರೆ, ಆ ಪ್ಯಾಕಿಂಗ್ ಆಫೀಸಿನವರಿಗೆ ಹೇಳಿ, ಬೇಕಾದರೆ ನಾನೇ ಮಾತಾಡುತ್ತೇನೆ, ಕಂಪನಿಯ ಪತ್ರವನ್ನೂ ಕಳಿಸುತ್ತೇನೆ ಅಂದೆ.

"ಅಲ್ಲಿ ಬೇರೆಯವರನ್ನ ತಗೊಂಡು ಆರು ತಿಂಗಳಾಯ್ತು," ಅಂದರು. ಹಿಂದೆ ಯಾರೋ ಅವರನ್ನು ಕೂಗುತ್ತಿದ್ದರು. "ಆಯ್ತು ಬೇನ್, ಒಳ್ಳೇದಾಯ್ತು. ಇವತ್ತು ಸಂಜೆಯೊಳಗೆ ಎಂಟು ಫಲಕ ಕೊಡಬೇಕು. ಫೋನ್ ಇಡ್ಲಾ?"